ದೀಪ ಹಚ್ಚುವ ಹೊತ್ತಿನ ದೂರು

ಗೋಡೆಯೇ ಮನೆಯವರ ದನಿ ಕೇಳಿ ಅವರ ಕಷ್ಟವನ್ನು ಪಾಲಿಕೆಗೆ ಮುಟ್ಟಿಸುವಂತಾದರೆ ಬಡವರು ಅರ್ಜಿ ಹಿಡಿದು ಯಾರ ಬಾಗಿಲಲ್ಲೂ ನಿಲ್ಲಬೇಕಾಗಿಲ್ಲ ಎಂದು ಸರ್ವಮಂಗಳ ಮನಸಾರೆ ನಂಬಿದ್ದಳು.

ನಂಬುವುದಕ್ಕೆ ಕಾರಣವೂ ಇತ್ತು. ನೇಸರ ನಗರದಲ್ಲಿ ಪಾಲಿಕೆ ಕಟ್ಟಿಸಿ ಬಾಡಿಗೆಗೆ ಕೊಟ್ಟ ಇಪ್ಪತ್ತೆರಡು ಬ್ಲಾಕುಗಳಿದ್ದವು. ಅಲ್ಲಿ ರಿಪೇರಿ ಎಂದರೆ ಮೊದಲು ವಾರ್ಡಿನ ಸದಸ್ಯರ ಕೃಪೆಯ ಮಾತಾಗಿತ್ತು. ಚೆನ್ನಾಗಿರುವ ಗೋಡೆಯ ಫೋಟೋಗೆ ಬಿರುಕು ಬರೆದು ಕೆಲಸ ಮಂಜೂರು ಮಾಡಿಸಿಕೊಂಡವರಿದ್ದರು. ನಿಜವಾಗಿ ಸೋರುವ ಮನೆಯವರ ಅರ್ಜಿಗಳು ಗೆದ್ದಲಿಗೆ ಹೋಗಿದ್ದವು. ಹಾಗಾಗಿ ಫೋಟೋ, ಅರ್ಜಿ, ಶಿಫಾರಸು ಎಲ್ಲವನ್ನೂ ನಿಲ್ಲಿಸಿ ಪ್ರತಿ ಮನೆಯ ನಡುಗೋಡೆಗೂ ಅಂಗೈಯಗಲದ ಬಿಳಿ ಬಿಲ್ಲೆಯೊಂದನ್ನು ಕೂರಿಸಿದರು. ಕಾಗದದಲ್ಲಿ ಅದರ ಹೆಸರು ನೆಮ್ಮದಿ ಮಾಪಕ. ಜನ ಗೋಡೆಕಿವಿ ಎಂದರು.

ಗೋಡೆಕಿವಿ ಮಾತನ್ನು ಕೇಳುತ್ತಿರಲಿಲ್ಲ, ದನಿಯನ್ನು ಮಾತ್ರ ಕೇಳುತ್ತಿತ್ತು. ಗಂಟಲು ಎಷ್ಟು ಬಿಗಿದಿದೆ, ಉಸಿರು ಎಲ್ಲಿ ತುಂಡಾಗುತ್ತದೆ, ಒಂದು ಮಾತಿಗೂ ಇನ್ನೊಂದಕ್ಕೂ ನಡುವೆ ಎಷ್ಟು ಹೊತ್ತು ಮೌನವಿದೆ ಎಂಬುದನ್ನೆಲ್ಲ ಅಳೆದು ಸೊನ್ನೆಯಿಂದ ನೂರರವರೆಗೆ ಒಂದು ಅಂಕ ಕೊಡುತ್ತಿತ್ತು. ಕಷ್ಟದಲ್ಲಿರುವವರ ಗಂಟಲು ಸುಳ್ಳು ಹೇಳಲಾರದು ಎಂಬುದು ಅದರ ಹಿಂದಿನ ಲೆಕ್ಕಾಚಾರ. ನಲವತ್ತಕ್ಕಿಂತ ಕೆಳಗಿಳಿದ ಬ್ಲಾಕಿಗೆ ಎಂಜಿನಿಯರು ಹೋಗುತ್ತಿದ್ದರು. ದಿನವಿಡೀ ಕಿವಿಯಿಟ್ಟು ಕೂರುವುದು ಸಭ್ಯತೆಯಲ್ಲ ಎಂದು ಕೌನ್ಸಿಲ್ ಸಭೆ ತಕರಾರು ಮಾಡಿದ್ದರಿಂದ ದಿನಕ್ಕೆ ಒಂದೇ ಗಂಟೆ ಕೇಳುವುದೆಂದು ತೀರ್ಮಾನವಾಯಿತು. ಯಾವ ಗಂಟೆ ಎಂದು ಆರಿಸುವ ಕೆಲಸ ನಿಯಂತ್ರಣ ಕೊಠಡಿಯ ಮುಖ್ಯಸ್ಥೆ ಸರ್ವಮಂಗಳಳದಾಯಿತು. ಪೌರಕಾರ್ಮಿಕರು ನಸುಕಿಗೇ ಹೊರಡುತ್ತಾರೆ, ಮಧ್ಯಾಹ್ನ ಮನೆಗಳು ಖಾಲಿ, ಒಂಬತ್ತಕ್ಕೆಲ್ಲ ನಿದ್ದೆ. ಮನೆಮಂದಿಯೆಲ್ಲ ಇದ್ದು ಎಚ್ಚರವಾಗಿರುವ ಹೊತ್ತು ಸಂಜೆ ಆರರಿಂದ ಏಳು. ಯಾವ ಗಂಟೆಗೆ ಎಷ್ಟು ಜನ ಮನೆಯಲ್ಲಿರುತ್ತಾರೆ ಎಂದು ತೋರಿಸುವ ನಕ್ಷೆಯ ಮೇಲೆ ಆ ಗೆರೆ ಎಲ್ಲಕ್ಕಿಂತ ಎತ್ತರವಾಗಿತ್ತು. ಅವಳು ಆ ಗಂಟೆಗೆ ಸಹಿ ಹಾಕಿದಳು.

ಬುಧವಾರ ಬೆಳಿಗ್ಗೆ ಐವತ್ತು ದಾಟಿದ ಹೆಂಗಸೊಬ್ಬಳು ಪಾಲಿಕೆಯ ಹಸಿರು ಸಮವಸ್ತ್ರದಲ್ಲೇ ಅವಳ ಕೊಠಡಿಗೆ ಬಂದಳು. ಹೆಸರು ಕೆಂಪಾಜಮ್ಮ, ಸಿ-ನಾಲ್ಕು ಬ್ಲಾಕಿನ ಹದಿನಾಲ್ಕನೇ ಮನೆ. ಕೈಯಲ್ಲಿದ್ದ ಊಟದ ಡಬ್ಬಿಯ ಮುಚ್ಚಳ ತೆಗೆದು ಮೇಜಿನ ಮೇಲಿಟ್ಟಳು. ಒಳಗೆ ಗಾರೆಯ ದೊಡ್ಡ ಹೆಂಟೆ, ಅದರ ಒಂದು ಮೈಗೆ ತುಕ್ಕಿನ ಕೆಂಪು.

"ಇದು ನಮ್ಮನೆ ಸೂರು ಮೇಡಂ. ಬೆಳಿಗ್ಗೆ ಉದುರಿದ್ದು. ಬಾಣಂತಿ ಮಂಚದಿಂದ ಎರಡೇ ಗೇಣು ಆಚೆ."

"ಬಾಣಂತಿ ಯಾರು?"

"ನನ್ನ ಮಗಳು, ಸುಚಿತ್ರ. ಆಪರೇಷನ್ ಆಗಿ ಹನ್ನೆರಡು ದಿನ. ಕೂಸು ಹೆಣ್ಣು."

ಸರ್ವಮಂಗಳ ಪರದೆಯ ಮೇಲೆ ಸಿ-ನಾಲ್ಕನ್ನು ತೆರೆದಳು. ಎಂಟು ತಿಂಗಳಿಂದ ಅದರ ಅಂಕ ತೊಂಬತ್ತರಿಂದ ಕೆಳಗೆ ಇಳಿದೇ ಇರಲಿಲ್ಲ. ಹದಿನಾಲ್ಕನೇ ಮನೆಯದು ತೊಂಬತ್ತೆರಡು.

"ನೀವು ಮನೇಲಿ ಈ ವಿಷಯ ಮಾತಾಡೋದೇ ಇಲ್ವಾ?"

"ಮಾತಾಡೋದೇ ಇಲ್ವಾ ಅಂತೀರಲ್ಲ!" ಕೆಂಪಾಜಮ್ಮ ಸೊಂಟದ ಮೇಲೆ ಕೈಯಿಟ್ಟಳು. "ಅದು ಕೇಳಿಸ್ಕಂಡು ನಿಮಗೆ ಹೇಳುತ್ತೆ ಅಂತ ನೀವೇ ಬಂದು ಅಂಟಿಸಿ ಹೋದ್ರಿ. ಪೊರಕೆ ಹಿಡ್ಕಂಡು ಹೋಗೋವಾಗ್ಲೂ ಕಿರುಚ್ತೀನಿ, ಕೆಲಸದಿಂದ ಬಂದು ಅದರ ಮುಂದೆ ನಿಂತೂ ಕಿರುಚ್ತೀನಿ. ನಮ್ಮ ಯಜಮಾನರ ಕಿವಿಗಿಂತ ಕಡೆಯಾಯ್ತು ಈ ಕಿವಿ."

ಯಂತ್ರವೇ ಕೆಟ್ಟಿರಬೇಕೆಂದುಕೊಂಡು ಸರ್ವಮಂಗಳ ಅಂದೇ ನಾಲ್ಕು ಗಂಟೆಗೆ ನೇಸರ ನಗರಕ್ಕೆ ಹೋದಳು. ಆಟೋದಲ್ಲಿ ಇಪ್ಪತ್ತು ನಿಮಿಷದ ದಾರಿ. ತಲೆಯೆತ್ತಿ ಸೂರು ನೋಡಿದಳು. ಮೇಲಿನ ಮನೆಗಳ ಬಚ್ಚಲ ಕೊಳವೆ ಎಲ್ಲೋ ಒಳಗೇ ಒಡೆದು ವರ್ಷಗಟ್ಟಲೆ ನೀರು ಇಂಗಿ, ಕಬ್ಬಿಣ ಊದಿ, ತಾರಸಿ ಕೆಳಗಿನವರ ತಲೆಯ ಮೇಲೆ ಹೊಟ್ಟೆ ಬಿಟ್ಟುಕೊಂಡು ನಿಂತಿತ್ತು. ಮಂಚವನ್ನು ಮೂರು ಮೂಲೆಗೆ ಎಳೆದಾಗಿತ್ತು. ನಾಲ್ಕನೆಯ ಮೂಲೆಯಲ್ಲಿ ಅಡಿಗೆಕಟ್ಟೆ. ಮಂಚದ ಮೇಲೆ ಸುಚಿತ್ರ ಕಿವಿಗೆ ಹತ್ತಿಯಿಟ್ಟು, ತಲೆಗೆ ಬಟ್ಟೆ ಬಿಗಿದು, ಕೂಸಿನ ಮೇಲೆ ತನ್ನ ಮೊಣಕೈಯನ್ನು ಗುಡಾರದಂತೆ ಊರಿ ಮಲಗಿದ್ದಳು. ಹಾಗೆ ಮಲಗುವುದು ಅಭ್ಯಾಸವಾಗಿಬಿಟ್ಟಿತ್ತೆಂದು ಕಾಣುತ್ತದೆ.

"ಇವರನ್ನ ನಮ್ಮನೆಗೆ ಕರ್ಕೊಂಡು ಹೋಗ್ಲಾ?" ಎಂದಳು ಸರ್ವಮಂಗಳ.

"ಬಾಣಂತಿ ಹೊಸಲು ದಾಟೋ ಹಂಗಿಲ್ಲ ಮೇಡಂ. ದಾಟಿದ್ರೂ, ಮೂರು ದಿನ ಮನೇಲಿ ದನಿ ಕಮ್ಮಿ ಆಯ್ತು ಅಂದ್ರೆ ಖಾಲಿ ಅಂತ ಬೇರೆಯೋರಿಗೆ ಬರ್ಕೊಡ್ತೀರಂತೆ? ಅಳಿಯನ ಮನೆ ಒಂದೇ ಕೋಣೆ, ಏಳು ಜನ. ಮತ್ತೆ ಮೇಲಿನ ಮನೆಯೋರು, ಅದರ ಮೇಲಿನೋರು?"

ಅಷ್ಟರಲ್ಲಿ ಅಕ್ಕಪಕ್ಕದ ಹೆಂಗಸರು ತುಂಬಿಕೊಂಡರು. ಎದುರು ಮನೆಯ ಶಾಹಿದಾ ತನ್ನ ಬಚ್ಚಲು ಕುಸಿದದ್ದನ್ನು ಕೈಯಗಲ ಮಾಡಿ ತೋರಿಸಿದಳು. ಪಾಲಿಕೆಯನ್ನೂ ಕಟ್ಟಿದವರನ್ನೂ ಅವರ ವಂಶವನ್ನೂ ಎಲ್ಲರೂ ಒಟ್ಟಿಗೆ ಬೈದರು. ಈ ಗಂಟಲುಗಳು ತೊಂಬತ್ತೆರಡು ಹೇಗಾದವು ಎಂದು ಸರ್ವಮಂಗಳ ಬೆರಗಾಗಿ ಕೇಳುತ್ತಲೇ ಇದ್ದಳು.

ಆರಾಗುವ ಹೊತ್ತಿಗೆ ಹೆಂಗಸರು ಒಬ್ಬೊಬ್ಬರೇ ಎದ್ದರು. ಯಾರೋ ಪೊರಕೆ ಮೂಲೆಗಿಟ್ಟರು, ಯಾರೋ ಮುಖ ತೊಳೆದರು. ಕೆಂಪಾಜಮ್ಮ ಬಾಗಿಲು ತೆರೆದಿಟ್ಟು ದೀಪ ಹಚ್ಚಿದಳು. ಅರ್ಧ ಗಂಟೆಯ ಹಿಂದೆ ಬೈಯುತ್ತಿದ್ದ ಅದೇ ಗಂಟಲಿನಿಂದ ಈಗ ಎಣ್ಣೆಯಂಥ ದನಿ ಹೊರಟಿತು. "ಎಲ್ಲ ಚೆನ್ನಾಗೈತೆ ಕಣವ್ವ, ಎಲ್ಲ ಒಳ್ಳೇದೇ ಆಗುತ್ತೆ" ಎಂದು ಕೂಸಿನ ನೆತ್ತಿ ಸವರಿದಳು.

"ಈ ಬಿರುಕು ಯಾವಾಗಿಂದ..." ಎಂದು ಸರ್ವಮಂಗಳ ಬಾಯಿ ತೆರೆದದ್ದೇ ತಡ, ಕೆಂಪಾಜಮ್ಮ ಧಾವಿಸಿ ಬಂದಳು.

"ಬಿಡ್ತು ಅನ್ನಿ ಮೇಡಂ! ಯಾವ ಹೊತ್ತಲ್ಲಿ ಏನು ಮಾತು! ಅಸ್ತು ದೇವತೆಗಳು ಓಡಾಡೋ ಹೊತ್ತು. ನಾವೇನಂದ್ರೂ ಅಸ್ತು ಅಂದ್ಬಿಡ್ತವೆ."

ಬಾಗಿಲಲ್ಲಿ ನಿಂತ ಶಾಹಿದಾ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, "ಮಗ್ರಿಬ್ ನಮಾಜಿನ ಟೈಮು. ನಮ್ಮಲ್ಲೂ ಅಷ್ಟೇ ಮೇಡಂ, ಕೆಟ್ಟದ್ದು ಆಡಲ್ಲ" ಎಂದಳು.

ಸರ್ವಮಂಗಳ ಗೋಡೆಯ ಬಿಲ್ಲೆಯನ್ನು ನೋಡಿದಳು. ಅದು ಕೆಟ್ಟಿರಲಿಲ್ಲ. ಕೇಳಬೇಕಾದ್ದನ್ನು ಸರಿಯಾಗಿಯೇ ಕೇಳುತ್ತಿತ್ತು.

ಮನೆಗೆ ಬಂದು ದೀಪದ ಸ್ವಿಚ್ಚು ಒತ್ತಿದಾಗ ತನ್ನ ಕೈಗಳು ತಾವಾಗಿ ಎದೆಯ ಬಳಿ ಮುಗಿದದ್ದನ್ನು ಅವಳು ಮೊದಲ ಸಲವೆಂಬಂತೆ ಗಮನಿಸಿದಳು. ಗಂಡ ಟೀವಿಯ ಮುಂದಿನಿಂದ "ಕಾಫಿ ಆಗಿದೆ, ಬಿಸಿ ಮಾಡ್ಕೊ" ಎಂದ. ಅವಳು ಅಡಿಗೆಮನೆಯ ಕತ್ತಲಲ್ಲೇ ನಿಂತಳು.

ಇಪ್ಪತ್ತಮೂರನೆಯ ವಯಸ್ಸಿನಲ್ಲಿ, ಮದುವೆಯಾದ ಎರಡನೇ ವರ್ಷ, ಇಂಥದೇ ಒಂದು ಸಂಜೆ ಅವಳ ಹೊಟ್ಟೆಯ ಕೆಳಗೆ ನೋವು ಶುರುವಾಗಿತ್ತು. ಆಗ ಐದು ತಿಂಗಳ ಬಸುರಿ. ಅತ್ತೆ ದೀಪದ ಮುಂದೆ ಕೂತಿದ್ದರು. "ಅತ್ತೆ, ನನಗೆ ಯಾಕೋ..." ಎಂದಾಗ ತಿರುಗದೆಯೇ ಕೈಯೆತ್ತಿ, "ಈ ಹೊತ್ತಲ್ಲಿ ಬೇಡ, ಆಮೇಲೆ ಹೇಳು" ಎಂದಿದ್ದರು. ಅವರು ಕೆಟ್ಟವರಾಗಿರಲಿಲ್ಲ. ಮಗುವಿನ ಒಳಿತಿಗೇ ಹಾಗೆಂದದ್ದು. ಅವಳು ಗೋಡೆಗೊರಗಿ ಎಂಟು ಗಂಟೆಯವರೆಗೆ ಕಾದಳು. ಆಸ್ಪತ್ರೆಯಲ್ಲಿ ಡಾಕ್ಟರು, "ಎರಡು ಗಂಟೆ ಮೊದಲು ಬಂದಿದ್ದರೆ ಮಗು ಉಳಿಯುತ್ತಿತ್ತೇನೋ" ಎಂದರು. ಆ ವಿಷಯವನ್ನು ಅತ್ತೆಯೂ ಸೊಸೆಯೂ ಮತ್ತೆಂದೂ ಆಡಲಿಲ್ಲ. ಆಡದೆ ಆಡದೆ ಅವಳು ಅದನ್ನು ಎಷ್ಟು ಆಳಕ್ಕೆ ಇಳಿಸಿದ್ದಳೆಂದರೆ, ನಕ್ಷೆಯ ಮೇಲೆ ಅದೇ ಗಂಟೆಯನ್ನು ಆರಿಸಿ ಸಹಿ ಹಾಕುವಾಗಲೂ ಕೈ ಅಲುಗಿರಲಿಲ್ಲ.

ಗುರುವಾರ ಬೆಳಿಗ್ಗೆ ಅವಳು ವಸತಿ ಸ್ಥಾಯಿ ಸಮಿತಿಯ ಅಧ್ಯಕ್ಷ ಪರಶಿವಮೂರ್ತಿಯವರ ಮುಂದೆ ನಿಂತಿದ್ದಳು.

"ಗಂಟೆ ಬದಲಾಯಿಸೋಣ, ತಪ್ಪೇನಿಲ್ಲ," ಎಂದರು ಅವರು. ಒಳ್ಳೆಯ ಮನುಷ್ಯ, ಮಾತು ಮೆದು. "ಆದರೆ ಮುಂದಿನ ಕೌನ್ಸಿಲ್ ಸಭೆಗೆ ಇಡಬೇಕು. ಈ ಸಲದ ರಿಪೇರಿ ಪಟ್ಟಿ ನಾಳೆ ಸಂಜೆ ಏಳಕ್ಕೆ ಮುಚ್ಚುತ್ತೆ. ಮತ್ತೆ ತೆರೆಯೋದು ಆರು ತಿಂಗಳಿಗೆ."

"ಆರು ತಿಂಗಳು ಆ ಸೂರು ನಿಲ್ಲಲ್ಲ ಸರ್. ನಾನೇ ಕಣ್ಣಾರೆ ನೋಡಿ ಬಂದೆ."

"ಕಣ್ಣಾರೆ ನೋಡಿದೋರ ಮಾತು ಕೇಳಿ ಕೇಳಿಯೇ ತಾನೆ ನಾವು ಹಾಳಾಗಿದ್ದು? ಇವತ್ತು ನಿಮ್ಮ ಕಣ್ಣಿಗೆ ಎಂಜಿನಿಯರನ್ನ ಕಳಿಸಿದ್ರೆ ನಾಳೆ ಇಪ್ಪತ್ತು ಜನ ಸದಸ್ಯರು ತಮ್ಮ ಕಣ್ಣು ಹಿಡ್ಕೊಂಡು ಬರ್ತಾರೆ. ನೀವೇ ಬರೆದ ನಿಯಮ ಇದೆಯಲ್ಲ. ಒಂಟಿ ದನಿ. ಅದನ್ನ ತನ್ನಿ, ನಾನೇ ಸಹಿ ಹಾಕ್ತೀನಿ."

ನಿಯಮ ಇತ್ತು. ಬ್ಲಾಕಿನ ಅಂಕ ಎಷ್ಟೇ ಇರಲಿ, ಒಂದೇ ಒಂದು ಮನೆಯ ದನಿ ಇಪ್ಪತ್ತಕ್ಕಿಂತ ಕೆಳಗಿಳಿದರೆ ಆಗ ಮಾತ್ರ ಯಂತ್ರ ಅರ್ಧ ನಿಮಿಷದ ಮಾತನ್ನೂ ಹಿಡಿದಿಡುತ್ತಿತ್ತು. ಅಧಿಕಾರಿ ಅದನ್ನು ಉಳಿಸಿ ಸಹಿ ಮಾಡಿದರೆ, ಪಟ್ಟಿ ಮುಚ್ಚುವ ಗಳಿಗೆಯವರೆಗೆ ಅದು ನಿಂತರೆ, ಎಂಜಿನಿಯರು ಹೋಗಲೇಬೇಕು. ಆ ನಡುವೆ ಅದೇ ಮನೆಯ ದನಿ ತಾನಾಗಿ ತಿಳಿಯಾದರೆ ಮಾತ್ರ ಕಷ್ಟ ಪರಿಹಾರವಾಯಿತೆಂದು ಹಳೆಯದು ಬಿದ್ದುಹೋಗುತ್ತದೆ. ಪಟ್ಟಿ ಮುಚ್ಚುವಾಗ ಕೇಳಿದ ಕೊನೆಯ ದನಿಯೇ ಮನೆಯ ದನಿ.

ಅಂದು ನಾಲ್ಕು ಗಂಟೆಗೆ ಶಾಹಿದಾಳ ಮನೆಯಲ್ಲಿ ಹೆಂಗಸರನ್ನೆಲ್ಲ ಸೇರಿಸಿ ಸರ್ವಮಂಗಳ ಕೈಮುಗಿದು ಕೇಳಿದಳು. ಗೋಡೆಕಿವಿ ಕೇಳುವುದು ದೀಪದ ಹೊತ್ತಲ್ಲಿ ಮಾತ್ರ, ಇವತ್ತೊಂದು ದಿನ ಆಗಲೂ ಹಗಲು ಆಡುವ ಮಾತನ್ನೇ ಆಡಿ.

ಯಾರೂ ಒಪ್ಪಲಿಲ್ಲ. "ಬಾಣಂತಿ ಇರೋ ಕಟ್ಟಡದಲ್ಲಾ? ನಾನಂತೂ ಆಡಲ್ಲವ್ವ." "ನೀವು ಆಡಿ ಮೇಡಂ, ನಿಮಗೇನು, ಸಂಜೆಗೆ ನಿಮ್ಮ ಮನೆಗೆ ಹೋಗ್ತೀರ." ತನ್ನ ದನಿಯನ್ನು ಗೋಡೆಕಿವಿ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಮನೆಯವರ ದನಿ ಮಾತ್ರ ಅದಕ್ಕೆ ಗೊತ್ತು ಎಂದು ಸರ್ವಮಂಗಳ ಹೇಳಿದಾಗ ಒಬ್ಬಳು, "ಹಂಗಾದ್ರೆ ಅದು ನಮ್ಮೆಜಮಾನ್ರಿಗಿಂತ ಮೇಲು, ಅವರಿಗೆ ನನ್ನ ದನೀನೇ ಗೊತ್ತಾಗಲ್ಲ" ಎಂದಳು. ಎಲ್ಲರೂ ನಕ್ಕು ಎದ್ದುಹೋದರು.

ಕೆಂಪಾಜಮ್ಮ ನಗಲಿಲ್ಲ. ಮೆಟ್ಟಿಲವರೆಗೆ ಬಂದು ಕಂಬಿ ಹಿಡಿದು ನಿಂತಳು.

"ಆಡಿದ್ರೆ ಎಂಜಿನಿಯರು ಖಂಡಿತ ಬರ್ತಾರಾ?"

"ಬರ್ತಾರೆ. ಶನಿವಾರ ಬೆಳಿಗ್ಗೆ."

"ಆಡದಿದ್ರೆ ಸೂರು ಬೀಳುತ್ತೆ. ಆಡಿದ್ರೆ ಆಡಿದ್ದಕ್ಕೆ ಬೀಳುತ್ತೆ. ಹೆತ್ತ ಬಾಯಲ್ಲಿ ಹೆಂಗೆ ಮೇಡಂ ಆಡೋದು?"

ಅಂದು ಆರು ಹತ್ತಕ್ಕೆ ಪರದೆಯ ಮೇಲೆ ಹದಿನಾಲ್ಕನೇ ಮನೆಯ ಗೆರೆ ಬಾವಿಗೆ ಬಿದ್ದ ಕೊಡದಂತೆ ಇಳಿಯಿತು. ಎಂಬತ್ತು, ಐವತ್ತು, ಹನ್ನೊಂದು. ಮಾತು ಬಂತು. ಕೆಂಪಾಜಮ್ಮನ ದನಿಯೇ, ಆದರೆ ಯಾರೋ ಕುತ್ತಿಗೆ ಹಿಡಿದು ಆಡಿಸಿದಂತೆ. "ಈ ಸೂರು ಬೀಳುತ್ತೆ. ನನ್ನ ಮಗಳ ಮೇಲೆ ಬೀಳುತ್ತೆ. ನನ್ನ ಕೂಸಿನ ಮೇಲೆ ಬೀಳುತ್ತೆ. ಕೇಳಿಸ್ತಾ?" ಅದರ ಹಿಂದೆಯೇ ಮಂಚದ ಕಡೆಯಿಂದ ಸುಚಿತ್ರಳ ಚೀರು, "ಅವ್ವಾ, ಬಿಡ್ತು ಅನ್ನವ್ವಾ!"

ಗೋಡೆಯಾಚೆಯ ಮನೆಗಳಿಗೆ ಅದು ಕೇಳಿತ್ತು. ಬಿದ್ದ ಮಾತನ್ನು ಮುಚ್ಚಿಹಾಕಲು ಇಡೀ ಬ್ಲಾಕು ಎದ್ದಿತು. ಬಿಡ್ತು ಬಿಡ್ತು, ಒಳ್ಳೇದಾಗ್ಲಿ, ನೂರು ವರ್ಷ ಬಾಳ್ಲಿ ಎಂಬ ಹಾರೈಕೆ ಮನೆಯಿಂದ ಮನೆಗೆ ಹಬ್ಬಿ, ಸಿ-ನಾಲ್ಕರ ಅಂಕ ತೊಂಬತ್ತೇಳಕ್ಕೆ ಏರಿತು. ಯೋಜನೆ ಶುರುವಾದಂದಿನಿಂದ ಯಾವ ಬ್ಲಾಕೂ ಅಷ್ಟು ನೆಮ್ಮದಿಯಾಗಿರಲಿಲ್ಲ. ಸರ್ವಮಂಗಳ ಆ ಹನ್ನೊಂದನ್ನು ಉಳಿಸಿ ಸಹಿ ಮಾಡಿದಳು.

ಶುಕ್ರವಾರ ಮಧ್ಯಾಹ್ನ ಕೆಂಪಾಜಮ್ಮ ಕೊಠಡಿಗೆ ಬಂದಳು. ಒಂದೇ ರಾತ್ರಿಯಲ್ಲಿ ಮುಖ ಬತ್ತಿಹೋಗಿತ್ತು.

"ಅದನ್ನ ತೆಗೀರಿ ಮೇಡಂ."

"ಏನನ್ನ?"

"ನಾನು ಆಡಿದ್ದನ್ನ. ಇಲ್ಲೇ ಒಳಗೈತಂತಲ್ಲ. ಅದು ಇರೋವರೆಗೂ ಅಂತಾನೇ ಇರುತ್ತೆ. ಬೆಳಗಿನಿಂದ ಕೂಸು ಹಾಲು ಕುಡೀತಿಲ್ಲ. ಮಗಳು ನನ್ನ ಕೈಲಿ ಗಂಜಿ ಇಸ್ಕೊಳ್ತಿಲ್ಲ. ನೀನೇ ಬಾಯಾರೆ ಆಡಿದೆ ಅಂತಾಳೆ."

"ಕೆಂಪಾಜಮ್ಮ, ನಾಳೆ ಬೆಳಿಗ್ಗೆ ಎಂಜಿನಿಯರ್ ಬರ್ತಾರೆ. ಅದೊಂದು ಇದ್ರೆ ಮಾತ್ರ ಬರ್ತಾರೆ."

"ಬ್ಯಾಡ. ಬಿದ್ರೆ ಅದರಷ್ಟಕ್ಕೆ ಅದು ಬೀಳ್ಲಿ. ನನ್ನ ಮಾತಿಗೆ ಬೀಳೋದು ಬ್ಯಾಡ." ಅವಳು ಕುಕ್ಕರಿಸಿ ಕೂತು ಸರ್ವಮಂಗಳಳ ಕಾಲನ್ನೇ ಹಿಡಿದಳು. "ತೆಗೀರಿ ನಮ್ಮವ್ವ. ನಾನು ಬದುಕಿರೋ ಹಂಗೆ ಮಾಡಿ."

ಆ ಕೈಗಳು ಒರಟು, ಬಿಸಿ. ಅಂದು ಗೋಡೆಗೊರಗಿ ಎಂಟು ಗಂಟೆಯವರೆಗೆ ಕಾದ ಹುಡುಗಿಯ ಕೈಯನ್ನು ಯಾರೂ ಹಿಡಿದಿರಲಿಲ್ಲ. ಸರ್ವಮಂಗಳ ಬಗ್ಗಿ ಅವಳನ್ನು ಎಬ್ಬಿಸಿದಳು. ಪರದೆಯತ್ತ ತಿರುಗಿ, ಏನನ್ನೂ ಅಳಿಸದ ಒಂದು ಗುಂಡಿ ಒತ್ತಿದಳು.

"ತೆಗೆದೆ," ಎಂದಳು. "ಈಗಿಲ್ಲ ಅದು."

ಕೆಂಪಾಜಮ್ಮನ ಎದೆಯಿಂದ ದೊಡ್ಡ ಉಸಿರೊಂದು ಹೊರಬಂತು. ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು. ಆ ನಗುವಿನ ಮುಂದೆ ತನ್ನ ಸುಳ್ಳು ಸರ್ವಮಂಗಳಳಿಗೆ ಪುಣ್ಯದ ಕೆಲಸದಂತೆ ಕಂಡಿತು. ಮಾತು ಉಳಿಯಿತು, ಹೆಂಗಸಿನ ಮನಸ್ಸೂ ಉಳಿಯಿತು. ಇಂದು ಸಂಜೆ ಸೂರಿನ ಕೆಳಗೆ ಅವಳ ದನಿ ಹೇಗೂ ತಿಳಿಯಾಗಲಾರದು, ಭಯ ಎಲ್ಲಿಗೆ ಹೋಗುತ್ತದೆ?

ಆರು ಹದಿನೈದಕ್ಕೆ ಹದಿನಾಲ್ಕನೇ ಮನೆಯ ಗೆರೆ ಏರತೊಡಗಿತು. ಮೂವತ್ತು. ಐವತ್ತೈದು. ಸರ್ವಮಂಗಳ ಕುರ್ಚಿ ಬಿಟ್ಟೆದ್ದಳು. ಎಂಬತ್ತು. ತೊಂಬತ್ತೊಂಬತ್ತು. ನೆಮ್ಮದಿಯಾದ ಗಂಟಲು ಎಷ್ಟು ಎತ್ತರಕ್ಕೆ ಹೋಗಬಲ್ಲದೋ ಅಷ್ಟು ಎತ್ತರದಲ್ಲಿ ಅದು ನಿಂತಿತು. ಮಾತು ಕೇಳಿಸದಿದ್ದರೂ ಅಲ್ಲಿ ಏನಾಗುತ್ತಿದೆಯೆಂದು ಅವಳಿಗೆ ತಿಳಿಯಿತು. ಮಗಳು ಗಂಜಿ ಕುಡಿದಿದ್ದಾಳೆ, ಅಜ್ಜಿ ಕೂಸನ್ನು ಲಾಲಿಸುತ್ತಿದ್ದಾಳೆ. ಪರದೆಯ ಕೆಳಗೆ ಒಂದು ಸಾಲು ಮೂಡಿತು: ಹಿಂದಿನ ಒಂಟಿ ದನಿ ಏಳು ಗಂಟೆಗೆ ರದ್ದಾಗಲಿದೆ.

ಪರಶಿವಮೂರ್ತಿಯವರಿಗೆ ಮಾಡಿದ ಫೋನು ಮೂರು ಸಲ ಬಡಿದು ನಿಂತಿತು. ಕೆಂಪಾಜಮ್ಮನ ಫೋನು ಸ್ವಿಚ್ ಆಫ್. ಸರ್ವಮಂಗಳ ಚಪ್ಪಲಿ ಮೆಟ್ಟಿ ಮೆಟ್ಟಿಲಿಳಿದಳು. ಆಟೋದವನಿಗೆ "ಬೇಗ" ಎಂದದ್ದು ಎಷ್ಟು ಸಲವೋ. ದಾರಿಯುದ್ದಕ್ಕೂ ಮನೆಗಳ ಹೊಸಲಲ್ಲಿ ದೀಪಗಳು ಕಾಣುತ್ತಿದ್ದವು. ಎಷ್ಟು ಮನೆಗಳಲ್ಲಿ ಎಷ್ಟು ಹೆಂಗಸರು ಈ ಗಳಿಗೆಯಲ್ಲಿ ಬಾಯಿಗೆ ಬಂದದ್ದನ್ನು ನುಂಗಿ ಎಲ್ಲ ಚೆನ್ನಾಗಿದೆ ಎನ್ನುತ್ತಿದ್ದಾರೋ ಎಂದು ಅವಳಿಗನಿಸಿತು.

ಆರು ನಲವತ್ತಾರಕ್ಕೆ ಹದಿನಾಲ್ಕನೇ ಮನೆಯ ಬಾಗಿಲಲ್ಲಿ ನಿಂತಾಗ ಸಾಂಬ್ರಾಣಿಯ ಹೊಗೆ ಕೋಣೆ ತುಂಬಿತ್ತು. ಕೆಂಪಾಜಮ್ಮನ ಮುಖ ಅರಳಿತು.

"ಬನ್ನಿ ಬನ್ನಿ. ನೀವು ತೆಗೆದಿರಿ, ಇದು ಹಾಲು ಕುಡೀತು. ಲಕ್ಷ್ಮಿ ಬಂದಂಗೆ ಬಂದ್ರಿ." ಬೇಡವೆನ್ನುವ ಮೊದಲೇ ಕೂಸನ್ನು ಸರ್ವಮಂಗಳಳ ತೋಳಿಗೆ ಹಾಕಿದಳು. ಹಿಡಿಯಷ್ಟು ಭಾರ, ಎಣ್ಣೆಯ ವಾಸನೆ. ಸುಚಿತ್ರ ಮಂಚದಿಂದ ನೋಡಿ ಮುಗುಳ್ನಕ್ಕಳು. ಅವರೆಲ್ಲರ ಮೇಲೆ ತಾರಸಿ ತೂಗುತ್ತಿತ್ತು. ಮೊನ್ನೆಗಿಂತ ಒಂದು ಬೆರಳು ಕೆಳಗೆ.

"ಕೆಂಪಾಜಮ್ಮ," ಎಂದಳು ಸರ್ವಮಂಗಳ. ತನ್ನ ದನಿ ತನಗೇ ಅಪರಿಚಿತವಾಗಿತ್ತು. "ನಾನು ತೆಗೀಲಿಲ್ಲ. ಸುಳ್ಳು ಹೇಳಿದೆ. ನಿಮ್ಮ ಮಾತು ಅಲ್ಲೇ ಇದೆ."

ಕೆಂಪಾಜಮ್ಮನ ನಗು ತುಟಿಯ ಮೇಲೆ ಹಾಗೇ ಉಳಿದಿತ್ತು.

"ಬಿಡ್ತು ಅನ್ನಿ," ಎಂದಳು ಮೆಲ್ಲಗೆ.

"ಅನ್ನಲ್ಲ. ಈ ಸೂರು ಬೀಳುತ್ತೆ. ನೀವು ಆಡಿದ್ರೂ ಬೀಳುತ್ತೆ, ಆಡದಿದ್ರೂ ಬೀಳುತ್ತೆ."

ಕೆಂಪಾಜಮ್ಮ ಕೂಸನ್ನು ಕಿತ್ತುಕೊಂಡಳು. "ಏನು ಹೆಂಗಸು ನೀನು! ನಿನ್ನ ಕಾಲು ಹಿಡಿದೆನಲ್ಲೇ! ದೀಪದ ಮುಂದೆ ನಿಂತು ನನ್ನ ಕೂಸಿಗೆ..." ದನಿ ಒಡೆಯಿತು, ಉಸಿರು ತುಂಡಾಯಿತು, ಮತ್ತೆ ಹೊತ್ತಿಕೊಂಡಿತು. "ನಿನಗೆ ಮಕ್ಕಳಿಲ್ವೇನೆ?"

"ಇಲ್ಲ," ಎಂದಳು ಸರ್ವಮಂಗಳ. ಗೋಡೆಗೆ ಬೆನ್ನು ಕೊಟ್ಟು, ಕೈಗಡಿಯಾರ ನೋಡಿದಳು. "ಏಳಕ್ಕೆ ಇನ್ನೂ ಹನ್ನೊಂದು ನಿಮಿಷ ಇದೆ. ನಿಲ್ಲಿಸ್ಬೇಡಿ. ಬೈರಿ ನನ್ನ."